ಒಣ ಹಿಂಡಿ, ನೂರು ಮರಿ

ನಾನು ಚಿಕ್ಕವಳಿದ್ದಾಗ ಚಳ್ಳಕೆರೆಯ ನಮ್ಮ ಬೀದಿಯ ಗಾಳಿಯಲ್ಲೇ ಶೇಂಗಾ ಎಣ್ಣೆಯ ಘಮ ಇತ್ತು ಮಕ್ಕಳೇ. ಆ ಬೀದಿಯಲ್ಲಿ ಬ್ರಾಯ್ಲರ್ ಕೋಳಿ ಸಾಕಿದ ಮೊದಲ ಹೆಣ್ಣುಮಗಳು ನಮ್ಮಕ್ಕ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ.

ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಮೂಟೆ ಕಟ್ಟಿ ತರುತ್ತಿದ್ದ. ನಾನು ಒಂದು ಚೂರನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಒರಳಲ್ಲಿ ಕುಟ್ಟುತ್ತಿದ್ದೆ. ಅಕ್ಕ ಅದನ್ನು ಜರಡಿ ಹಿಡಿದು, ಮೆಕ್ಕೆಜೋಳದ ನುಚ್ಚು, ಒಣಮೀನಿನ ಪುಡಿ ಬೆರೆಸಿ ಮರಿಗಳಿಗೆ ಹಾಕುತ್ತಿದ್ದಳು. ಒಟ್ಟು ನೂರು ಮರಿ. “ಇವು ಸತ್ವೋ, ಕೋಳಿ ಸಹವಾಸ ಸಾಕು. ಶೇಂಗಾ ಕಾಯಿ ಸುಲಿಯಾಕೆ ಹೋಗು” ಎಂದು ಅಪ್ಪ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದ.

ಒಂದು ದಿನ ಅಕ್ಕ ಮೆಕ್ಕೆಜೋಳ ತರಲು ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೊರಟಳು. ಮರಿಗಳು ನನ್ನ ಪಾಲಿಗೆ ಬಂದವು. “ಒಣದೇ ಹಾಕು. ನೀರು ಮುಟ್ಟಿಸ್ಬ್ಯಾಡ. ಬಿಸಿಲಿಗೆ ಹುಳಿ ಬರ್ತೈತೆ, ತಿಂದ ಮರಿ ಉಳಿಯಲ್ಲ” ಎಂದು ಎರಡೆರಡು ಸಲ ಹೇಳಿ ಹೋದಳು.

ಮರಿಗಳು ಒಣ ಪುಡಿ ಕುಕ್ಕುವುದನ್ನು ಕಂಡು ಅಪ್ಪನಿಗೆ ಕರುಳು ಚುರುಕ್ ಎಂದಿತ್ತು. ಹುಟ್ಟಿದಾಗಿನಿಂದ ಎಮ್ಮೆ ಕಟ್ಟಿದವನು. ಹಿಂಡಿ ಎಂದರೆ ಅವನಿಗೆ ನೆನೆಹಾಕುವ ವಸ್ತು. ನನಗೆ ತಿಳಿಯದಂತೆ ಬೆಳಿಗ್ಗೆಯೇ ಬಕೆಟ್ಟಿನಲ್ಲಿ ನೆನೆಹಾಕಿ ಮಿಲ್ಲಿಗೆ ಹೋಗಿದ್ದ. ಮಧ್ಯಾಹ್ನ ಊಟಕ್ಕೆ ಬಂದವನು ಬಕೆಟ್ಟು ಎತ್ತಿಕೊಂಡು ನೇರ ಮರಿಗಳ ಕಡೆ ನಡೆದ. ಹಿಂಡಿಯ ಮೇಲೆ ನೊರೆ ಎದ್ದಿತ್ತು.

ನಾನು ಓಡಿ ಹೋಗಿ ಮರಿಗಳ ಗೂಡಿನ ಬಾಗಿಲಿಗೆ ಅಡ್ಡ ನಿಂತೆ.

“ಅಪ್ಪಾ, ಹಾಕ್ಬ್ಯಾಡ! ಅಕ್ಕ ಬ್ಯಾಡ ಅಂದವ್ಳೆ!”

“ಎಮ್ಮೆ ತಿನ್ನಲ್ವೇನೆ? ನಿಮ್ಮಜ್ಜನ ಕಾಲದಿಂದ ನೆನೆಸೇ ಹಾಕೀವಿ. ಸರಿ ಅತ್ಲಾಗೆ.”

ಅಪ್ಪನಿಗೆ ನಾನು ಅಲ್ಲಿಯವರೆಗೆ ಎದುರು ಮಾತಾಡಿದವಳೇ ಅಲ್ಲ. ಆದರೂ ಕದಲಲಿಲ್ಲ. “ಎಮ್ಮೆ ಎಮ್ಮೆನೇ, ಮರಿ ಅಂಗೈಯಷ್ಟೈತೆ! ಬೇಕಾದ್ರೆ ನೀನೇ ಮೂಸ್ನೋಡು” ಎಂದೆ.

ಹಳೇ ಕಾಯಿಯ ಎಣ್ಣೆ ಯಾವುದು, ಹೊಸದು ಯಾವುದು ಎಂದು ಮೂಸಿಯೇ ಹೇಳುತ್ತಿದ್ದ ಮನುಷ್ಯ ನಮ್ಮಪ್ಪ. ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. ಬಕೆಟ್ಟನ್ನು ತಿಪ್ಪೆಗೆ ಸುರಿದು ಬಂದ. ಒಣ ಹಿಂಡಿಯ ಡಬ್ಬ ತಂದು ನನ್ನ ಮುಂದಿಟ್ಟು, “ನೀನೇ ಹಾಕವ್ವ” ಎಂದ.

ಸಂಜೆ ಅಕ್ಕ ಮೆಕ್ಕೆಜೋಳದ ಚೀಲ ಇಳಿಸುವ ಮೊದಲೇ ಅಪ್ಪ ತಾನಾಗಿ ಒಪ್ಪಿಕೊಂಡ: “ಇವತ್ತು ನಿನ್ನ ಮರಿ ನನ್ ಕೈಯಾಗೆ ಸಾಯ್ತಿದ್ವು. ಇವ್ಳು ಬಿಡ್ಲಿಲ್ಲ.” ಅಕ್ಕ ನನ್ನನ್ನು ಎಳೆದು ಅಪ್ಪಿಕೊಂಡಳು. ಮರಿಗಳು ಬೆಳೆದು ಮಾರಾಟವಾದವು. ಕಾಯಿ ಸುಲಿಯುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಈಗ ನಿಮ್ಮಪ್ಪನ ಕೋಳಿ ಶೆಡ್ಡಿಗೆ ಸೋಯಾ ಹಿಂಡಿ ಬೆರೆಸಿದ ಮೇವು ಲಾರಿಯಲ್ಲಿ ಬರುತ್ತದೆ. ಎಷ್ಟು ಹಾಕಬೇಕು, ಹೇಗೆ ಇಡಬೇಕು, ಎಲ್ಲ ಚೀಲದ ಮೇಲೆ ಅಚ್ಚಾಗಿರುತ್ತದೆ. ಓದಿಕೊಳ್ಳಿ, ಒಳ್ಳೆಯದೇ. ನಮಗೆ ಹಾಗೆ ಬರೆದು ಕೊಡುವವರು ಇರಲಿಲ್ಲ. ಹತ್ತು ವರ್ಷದ ಹುಡುಗಿಯೊಬ್ಬಳು ಅಪ್ಪನಿಗೆ ‘ಬ್ಯಾಡ’ ಅನ್ನಬೇಕಾಗಿತ್ತು. ನಾನು ಅಂದೆ. ಅಷ್ಟು ದೊಡ್ಡ ಅಪ್ಪ ಕೇಳಿದ.