ಮಾರಾಟಕ್ಕಿಲ್ಲದ ಸರದಾರ

ಹಳೆಯ ಅಚ್ಚಿನ ಚಿತ್ರಗಳನ್ನು ಮಾರುವ ಅಂಗಡಿಯ ಯಜಮಾನರು ಮಾತಿನ ಮಲ್ಲರು. ಗೆದ್ದಲು ತಿಂದ ಭೂಪಟವನ್ನೂ "ನೋಡಿ ಸಾರ್, ಗೆದ್ದಲಿಗೂ ಇದರ ರುಚಿ ಗೊತ್ತು" ಎಂದು ಗಿರಾಕಿಯ ತಲೆಗೆ ಕಟ್ಟಬಲ್ಲರು. ಬೆಳಿಗ್ಗೆ ಬಾಗಿಲು ತೆಗೆದವರೇ ಗೋಡೆಯ ಮೇಲಿನ ಮಧ್ಯಯುಗದ ಸರದಾರನ ಚಿತ್ರದ ಗಾಜು ಒರೆಸಿ, "ಏನ್ ದೊರೆಗಳೇ, ನಿದ್ದೆ ಬಂತಾ?" ಎಂದು ವಿಚಾರಿಸುತ್ತಾರೆ. ಮುಂಗೈ ಮೇಲೆ ಗಿಡುಗ, ಸೊಂಟದಲ್ಲಿ ಕತ್ತಿ, ಕೈಯಿಂದ ಬಣ್ಣ ತುಂಬಿದ ಕೆಂಪು ನಿಲುವಂಗಿ. ಯಾರು ಕೇಳಿದರೂ ಅದೊಂದನ್ನು ಮಾತ್ರ ಕೊಡುವುದಿಲ್ಲ. "ದೊರೆಗಳು ಮನೆ ಬಿಟ್ಟು ಬರಲ್ಲ ಸಾರ್" ಎಂದು ನಗುತ್ತಾರೆ. ಮಾಸಿದ ಚಿತ್ರಗಳಿಗೆ ಮತ್ತೆ ಬಣ್ಣ ಹಚ್ಚುತ್ತಿದ್ದವರು ಅವರ ಹೆಂಡತಿ. ಕಣ್ಣು ಪೂರ್ತಿ ಹೋಗುವ ಮುಂಚೆ ಕೊನೆಯದಾಗಿ ಕುಂಚ ಆಡಿಸಿದ್ದು ಈ ಸರದಾರನ ಮೇಲೆ. ಈಗ ಒಳಕೋಣೆಯಲ್ಲಿ ಕೂತು ಅಂಗಡಿಯ ಸದ್ದಿಗೆ ಕಿವಿಗೊಡುತ್ತಾರೆ. ಮೊನ್ನೆ ಗಿರಾಕಿಯೊಬ್ಬರು ಗಾಜಿಗೆ ಮೂಗು ತಾಗಿಸಿ, "ಅಯ್ಯೋ, ಕೆಂಪು ಬಣ್ಣ ಗೆರೆ ದಾಟಿ ಗಿಡುಗದ ಮೈಗೆಲ್ಲ ಮೆತ್ತಿದೆಯಲ್ರೀ" ಎಂದು ಗೊಣಗಿದರು. ಒಳಗಿನಿಂದ, "ಏನಂತಾರೆ ರೀ?" ಎಂಬ ದನಿ ಬಂತು. ಯಜಮಾನರು ಗಿರಾಕಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇಂಥ ಕೆಲಸ ಎಲ್ಲೂ ನೋಡಿಲ್ವಂತೆ ಕಣೇ!" ಎಂದು ಕೂಗಿದರು. ಗಿರಾಕಿ ಅವರ ಮುಖವನ್ನೊಮ್ಮೆ ನೋಡಿ, "ಹೌದಮ್ಮ, ಎಲ್ಲೂ ನೋಡಿಲ್ಲ" ಎಂದರು.