ಗೆರೆಯ ಆಚೆಗಿನ ವೋಟು

ನಮ್ಮ ಅತ್ತೆಗೆ ಕಾರ್ಪೊರೇಟರ್ ಆಗುವ ಆಸೆ. ಅದನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ. ನಾನು ಸೊಸೆಯಾಗಿ ಮಾರೇನಹಳ್ಳಿಯ ಈ ಮನೆಗೆ ಬಂದ ಹೊಸದರಲ್ಲೇ, ಹುರುಳಿಕಾಯಿ ನಾರು ತೆಗೆಯುತ್ತಾ ಹೇಳಿದ್ದರು: "ನಂಗೊಂದೇ ಆಸೆ ಕಣೇ. ಜನ ಅರ್ಜಿ ಹಿಡ್ಕೊಂಡು ನಮ್ಮನೆ ಜಗಲಿ ಮೇಲೆ ಕಾಯ್ತಾ ಇರ್ಬೇಕು. ಅತ್ತೆ ಸ್ನಾನಕ್ಕೆ ಹೋಗಿದಾರೆ, ಕೂತಿರಿ ಅಂತ ನೀನು ಹೋಗಿ ಹೇಳ್ಬೇಕು."

ಇದಕ್ಕೊಂದು ಹಿನ್ನೆಲೆ ಇತ್ತು. ಯಾವ ಕಾಲದಲ್ಲೋ ಮೋರಿ ಕಟ್ಟಿಕೊಂಡಿದೆ ಎಂದು ದೂರು ಹೇಳಲು ಹೋದ ಅತ್ತೆಯನ್ನು ಆಗಿನ ಕಾರ್ಪೊರೇಟರ್ ಮನೆಯವರು ಇದೇ ಮಾತು ಹೇಳಿ ಅರ್ಧ ದಿನ ಜಗಲಿಯಲ್ಲಿ ಕೂರಿಸಿದ್ದರಂತೆ. "ಅಷ್ಟೊತ್ತು ಸ್ನಾನ ಮಾಡಕ್ಕೆ ಅವನೇನು ಎಮ್ಮೆನಾ?" ಎಂದು ಅತ್ತೆ ಇವತ್ತಿಗೂ ಕೇಳುತ್ತಾರೆ. ಆ ಅವಮಾನ ಅವರೊಳಗೆ ಆರಿರಲಿಲ್ಲ.

ಅವರ ಪ್ರಚಾರದ ದಾರಿ ಒಂದೇ, ಸಾವಿನ ಮನೆ. ಮದುವೆಗಾದರೆ ಕರೆಯಬೇಕು, ಸಾವಿಗೆ ಯಾರೂ ಕರೆಯುವ ಹಾಗಿಲ್ಲ, ಹಾಗಾಗಿ ಯಾರ ಮನೆಗೆ ಬೇಕಾದರೂ ನುಗ್ಗಬಹುದು ಎಂಬುದು ಅವರ ಲೆಕ್ಕಾಚಾರ. ಸುತ್ತಮುತ್ತ ಯಾರು ಹೋದರೂ ಹಾರ ಹಿಡಿದು ಮೊದಲು ತಲುಪುವವರು ಅತ್ತೆಯೇ. ಎಲ್ಲರಿಗಿಂತ ಜೋರಾಗಿ ಅಳುವವರೂ ಅವರೇ. ಒಲೆ ಹಚ್ಚದ ಮನೆಗೆ ಫ್ಲಾಸ್ಕಿನಲ್ಲಿ ಕಾಫಿ ಕಳಿಸುತ್ತಾರೆ. ಬರೀ ನಾಟಕವೆಂದು ನಾನು ಮೊದಮೊದಲು ಒಳಗೊಳಗೇ ನಗುತ್ತಿದ್ದೆ. ಆದರೆ ಆ ಕಣ್ಣೀರು ಮನೆಗೆ ಬಂದ ಮೇಲೂ ನಿಲ್ಲುತ್ತಿರಲಿಲ್ಲ.

ಹೊಸ ವಾರ್ಡುಗಳನ್ನು ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ನಾನು ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡುವವಳು. "ಆಫ್ರಿಕಾ ನಕ್ಷೆ ಬರೀತೀಯಂತೆ, ನಮ್ಮ ವಾರ್ಡಿಂದು ತರಕ್ಕಾಗಲ್ವಾ?" ಎಂದರು ಅತ್ತೆ.

ಆಫ್ರಿಕಾ ಎಷ್ಟೋ ಸುಲಭ. ವಾರ್ಡ್ ಕಚೇರಿಗೆ ಹೋಗಿ ನಕ್ಷೆ ಬೇಕು ಎಂದೆ. ಮೇಜಿನ ಹಿಂದಿದ್ದವರು ಕತ್ತೆತ್ತದೆ ಕೇಳಿದರು: "ಯಾವ್ದು ಮೇಡಂ? ಹಳೇದಾ, ಹೊಸದಾ, ಮುಂದೆ ಬರೋದಾ?"

ಹೊಸದು ಎಂದೆ. ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ನಕ್ಷೆಯೇನೋ ಇತ್ತು, ಆದರೆ ಅರ್ಧಕ್ಕೆ ಅಡ್ಡವಾಗಿ ಕಬ್ಬಿಣದ ಬೀರು ನಿಂತಿತ್ತು. ನಮ್ಮ ರಸ್ತೆ ಬೀರುವಿನ ಹಿಂದೆ. ಸ್ವಲ್ಪ ಸರಿಸಬಹುದೇ ಎಂದೆ. "ಅದರ ಕಾಲು ಮುರ್ದಿದೆ ಮೇಡಂ, ಗೋಡೆಗೆ ಒರಗಿಸಿರೋದು. ಸರಿಸಿದ್ರೆ ಬೀಳತ್ತೆ. ವೆಬ್‌ಸೈಟಲ್ಲಿ ನೋಡ್ಕೊಳ್ಳಿ."

ವೆಬ್‌ಸೈಟಿನಲ್ಲಿ ಸಿಕ್ಕಿದ್ದು ಶ್ಯಾವಿಗೆ ಚೆಲ್ಲಿದಂಥ ಚಿತ್ರ. ದೊಡ್ಡದು ಮಾಡಿದರೆ ಅಕ್ಷರ ಕಲಸಿಹೋಗುತ್ತಿತ್ತು, ಚಿಕ್ಕದು ಮಾಡಿದರೆ ಅಕ್ಷರವೇ ಇರುತ್ತಿರಲಿಲ್ಲ. ಪುಣ್ಯಕ್ಕೆ ಜೊತೆಯಲ್ಲಿ ನಾಲ್ಕೂ ದಿಕ್ಕಿನ ಗಡಿಯನ್ನು ಮಾತಿನಲ್ಲಿ ಬರೆದ ಅಧಿಸೂಚನೆಯಿತ್ತು. ಪಶ್ಚಿಮಕ್ಕೆ ರಾಜಕಾಲುವೆ ಎಂದಿತ್ತು. ಅದನ್ನು ಪತ್ತೆಹಚ್ಚಲು ನಕ್ಷೆ ಬೇಕಿಲ್ಲ, ಮೂಗಿದ್ದರೆ ಸಾಕು. ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗಡಿಯುದ್ದಕ್ಕೂ ಸುತ್ತಿದೆ. ಅತ್ತೆ ಅತ್ತಿದ್ದ ಮನೆಗಳೆಲ್ಲ ಕಾಲುವೆಯ ಈಚೆಗೇ, ನಮ್ಮ ವಾರ್ಡಿನೊಳಗೇ ಇದ್ದವು. ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ ಗಡಿ ಎಳೆದು, ನಡುಮನೆಯ ಗೋಡೆಗೆ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಅತ್ತೆ ಅದಕ್ಕೆ ಕುಂಕುಮ ಇಟ್ಟರು.

ಕುಂಕುಮ ಮಾಸುವ ಮುಂಚೆಯೇ ಇನ್ನೊಂದು ನಕ್ಷೆ ಬಂತು. ಈ ಸಲ ಗೆರೆ ನಮ್ಮ ರಸ್ತೆಯ ನಟ್ಟನಡುವೆ ಹಾದುಹೋಗಿತ್ತು. ನಮ್ಮ ಸಾಲಿನ ಮನೆಗಳನ್ನು ಕಾಲುವೆಯಾಚೆಗಿನ ವಾರ್ಡಿಗೆ ಸೇರಿಸಿದ್ದರು. ಎದುರುಮನೆಯೂ ಅದರ ಹಿಂದಿನ ಇಡೀ ಹಳೆಯ ಊರೂ ಬೇರೆ ವಾರ್ಡು.

"ಅವ್ರ ಅತ್ತೆ ಸತ್ತಾಗ ತಿಥಿವರೆಗೂ ಕಾಫಿ ಕಳ್ಸಿದೀನಲ್ಲೇ!" ಎಂದು ಅತ್ತೆ ಎದುರುಮನೆಯನ್ನೇ ನೋಡುತ್ತಾ ಕುಸಿದು ಕೂತರು.

ನನಗೆ ಸಿಟ್ಟು ನೆತ್ತಿಗೇರಿತು. ಖಂಡಗಳೇ ಸರಿಯುತ್ತವೆ ಎಂದು ಮಕ್ಕಳಿಗೆ ಪಾಠ ಮಾಡುವವಳು ನಾನು. ಆದರೆ ಖಂಡಗಳು ಸರಿಯುವ ಮುಂಚೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುವುದಿಲ್ಲ. ಇವರು ಕರೆದಿದ್ದರು. ಅತ್ತೆ ಹೇಳುತ್ತಾ ಹೋದರು, ನಾನು ಬರೆದೆ. "ಈ ಮನೆಗಳಲ್ಲೆಲ್ಲ ನಾನು ಅತ್ತಿದೀನಿ" ಎಂಬುದನ್ನು "ಸ್ಥಳೀಯ ಬಾಂಧವ್ಯಕ್ಕೆ ಧಕ್ಕೆಯಾಗುತ್ತದೆ" ಎಂದು ತಿದ್ದಿದೆ. ಕಚೇರಿಯಲ್ಲಿ ಸೀಲು ಒತ್ತಿಸಿಕೊಂಡು ಬಂದೆವು. ಮುಂದೇನಾಯಿತೋ ಆ ಬೀರುವಿಗೇ ಗೊತ್ತು.

ಸುಮ್ಮನೆ ಕೂರುವ ಜಾಯಮಾನ ಅತ್ತೆಯದಲ್ಲ. ಕಾಲುವೆಯಾಚೆಗೆ ಹೊಸದಾಗಿ ಅಳಲು ಶುರುಮಾಡಬೇಕು, ಅಷ್ಟೇ ತಾನೇ ಎಂದರು. ಅಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಮನೆಗಳು ಹೆಚ್ಚು, ಗುರುತಿನ ಒಂದು ಮುಖವೂ ಇಲ್ಲ. ಒಂದು ಭಾನುವಾರ ಆ ಕಡೆ ಹೋಗುವಾಗ ಗಲ್ಲಿಯೊಂದರಲ್ಲಿ ಶಾಮಿಯಾನ ಕಂಡಿತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಗೋಡೆಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ಹಣೆತುಂಬ ವಿಭೂತಿ ಹಚ್ಚಿದ, ಬಿಳಿ ರುಮಾಲಿನ ಯಜಮಾನರೊಬ್ಬರು ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದರು.

"ಆ ಕಡೆಯೋರು ಹೆಣಾನ ಕೂರಿಸ್ತಾರೆ ಕಣೇ, ನಿಲ್ಸು," ಎಂದು ಅತ್ತೆ ಪಿಸುಗುಟ್ಟಿದರು.

ನನಗೂ ಹಾಗೇ ಅನ್ನಿಸಿತ್ತು. ಮೂಲೆಯ ಹೂವಿನಂಗಡಿಯಿಂದ ದಪ್ಪ ಸುಗಂಧರಾಜದ ಹಾರ ತಂದೆವು. ಅತ್ತೆ ನೇರ ಹೋಗಿ ಯಜಮಾನರ ಕೊರಳಿಗೆ ಹಾಕಿ, ಕಾಲಿಗೆ ನಮಸ್ಕರಿಸಿ, ಸೆರಗು ಬಾಯಿಗಿಟ್ಟು ಜೋರಾಗಿ ಅಳಲು ಶುರುಮಾಡಿದರು.

ಹೆಣ ಕಣ್ಣು ಬಿಟ್ಟಿತು.

ಅದು ಮೊಮ್ಮಗಳ ನಾಮಕರಣ. ಊಟ ತಡವಾಗಿದ್ದರಿಂದ ಎಲ್ಲರ ಮುಖ ಸಪ್ಪಗಾಗಿತ್ತು, ಅಜ್ಜನಿಗೆ ನಿದ್ದೆ ಹತ್ತಿತ್ತು. ನನಗೆ ಸ್ಕೂಟರಿನೊಂದಿಗೆ ರಾಜಕಾಲುವೆಗೆ ಬಿದ್ದರೂ ಸರಿ ಎನ್ನಿಸಿತು. ಅತ್ತೆಯ ಅಳು ಅಲ್ಲೇ ನಿಂತಿತು. ಯಜಮಾನರು ಹಾರವನ್ನು ಮುಟ್ಟಿ ನೋಡಿಕೊಂಡು ಹೇಳಿದರು: "ಲಗ್ನ ಆದಮ್ಯಾಲೆ ನನಗ ಯಾರೂ ಹಾರ ಹಾಕಿದ್ದಿಲ್ಲ ನೋಡವಾ. ಯಾರಿದ್ದೀ ನೀ? ಯಾಕ ಅಳಾಕತ್ತಿ?"

"ನಿಮ್ಮನ್ ನೋಡಿ ನಮ್ಮಪ್ಪನ ನೆನಪಾಯ್ತು," ಎಂದರು ಅತ್ತೆ, ಒಂದು ಕ್ಷಣವೂ ತಡಮಾಡದೆ. ಆಮೇಲೆ ಎಲೆಕ್ಷನ್ನಿನ ವಿಷಯವನ್ನೂ ಹೇಳಿಬಿಟ್ಟರು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕು, "ನನ್ನ ವೋಟು ನಿನಗೇ. ಮೊದಲು ಹೋಳಿಗಿ ತಿನ್ನು" ಎಂದರು. ಗೆರೆಯಾಚೆಗೆ ಅತ್ತೆಗೆ ಸಿಕ್ಕ ಮೊದಲ ವೋಟು ಅದು. ನಾವು ಹಾರ ತಂದದ್ದು ಯಾಕೆಂದು ಅವರಿಗೆ ಗೊತ್ತಾಗಿತ್ತು ಅಂತಲೇ ನನ್ನ ಗುಮಾನಿ. ಆಮೇಲೆ ಅತ್ತೆ ಆ ಕಡೆ ಹೋದಾಗಲೆಲ್ಲ ಅವರು ಬಾಗಿಲಿನಿಂದಲೇ, "ಇನ್ನೂ ಇದ್ದೀನವಾ, ಹಾರ ತಂದೀ ಏನ?" ಎಂದು ಕೂಗುತ್ತಿದ್ದರು. "ನಿಮ್ಮ ವೋಟು ಬೀಳೋವರ್ಗೂ ಹೋಗಂಗಿಲ್ಲ" ಎಂದು ಅತ್ತೆಯೂ ಕೂಗುತ್ತಿದ್ದರು.

ಮೂರನೆಯ ನಕ್ಷೆ ಬಂದಾಗ ನಂಬಿಕೆಯೇ ಬರಲಿಲ್ಲ. ನಮ್ಮ ರಸ್ತೆಯ ಎರಡೂ ಸಾಲು, ಹಳೆಯ ಊರಿನ ದೊಡ್ಡ ಭಾಗ, ಕಾಲುವೆಯಾಚೆಯ ಆ ಗಲ್ಲಿ, ಎಲ್ಲ ಒಂದೇ ವಾರ್ಡಿನಲ್ಲಿದ್ದವು. ಮೀಸಲಾತಿ ಪಟ್ಟಿಯಲ್ಲಿ ಅದು ಮಹಿಳೆಯರಿಗೆ ಬರುತ್ತದೆಂಬ ಮಾತೂ ಕೇಳಿಬಂತು. ನಾನು ಮತ್ತೆ ಕೆಂಪು ಗೆರೆ ಎಳೆದೆ. ಅತ್ತೆ ನಾಮಪತ್ರದ ದಿನಕ್ಕೆಂದು ಚಿಕ್ಕಪೇಟೆಯಿಂದ ಹಸಿರು ರೇಷ್ಮೆ ಸೀರೆ ತಂದಿಟ್ಟರು.

ಆಮೇಲೆ ಎಲೆಕ್ಷನ್ನೇ ಬರಲಿಲ್ಲ. ಇವತ್ತು ಕೋರ್ಟು, ನಾಳೆ ಪಟ್ಟಿ, ನಾಡಿದ್ದು ಪರೀಕ್ಷೆ ಕಾಲ ಎಂದು ದಿನ ಮುಂದಕ್ಕೆ ಹೋಗುತ್ತಾ, ಕಾರ್ಪೊರೇಟರ್‌ನ ಐದು ವರ್ಷದ ಅವಧಿಯೊಂದು ಪೂರ್ತಿ ಕಳೆದುಹೋಯಿತು. ಅಷ್ಟರಲ್ಲಿ ಅತ್ತೆಯ ಮಂಡಿ ಕೈಕೊಟ್ಟಿತು. ಮನೆಮನೆಯ ಮಹಡಿ ಹತ್ತುವುದು ನಿಂತುಹೋಯಿತು. ಜಗಲಿಯ ಕುರ್ಚಿಯಲ್ಲಿ ಕೂತು, ಪೇಪರಿನಲ್ಲಿ ಚುನಾವಣೆಯ ಸುದ್ದಿ ಹುಡುಕಿ, ಸಿಗದಿದ್ದರೆ ಮಡಿಚಿಡುತ್ತಿದ್ದರು.

ಮೊನ್ನೆ ಬೆಳಿಗ್ಗೆ ಆ ಗಲ್ಲಿಯಿಂದ ಫೋನ್ ಬಂತು. ನಾನೊಬ್ಬಳೇ ಹೋಗಿಬರುತ್ತೇನೆ, ನೀವು ಕಾಲು ಚಾಚಿ ಕೂತಿರಿ ಎಂದೆ. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದು ಸ್ಕೂಟರಿನ ಪಕ್ಕ ನಿಂತರು.

ಅದೇ ಶಾಮಿಯಾನ, ಅದೇ ಕುರ್ಚಿ. ವಿಭೂತಿ, ಬಿಳಿ ರುಮಾಲು, ಮುಚ್ಚಿದ ಕಣ್ಣು. ಅತ್ತೆ ಸುಗಂಧರಾಜದ ಹಾರ ಹಾಕಿ, ಅವರ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಹಿಂದೆ ಸರತಿಯಲ್ಲಿದ್ದವರು ಕಾದರು. ಆಮೇಲೆ ಅತ್ತೆ ಅತ್ತರು, ಸದ್ದೇ ಬರಲಿಲ್ಲ.

ವಾಪಸು ಬರುವಾಗ ರಾಜಕಾಲುವೆಯ ಸೇತುವೆಗೆ ಬಂದೆವು. ಅಲ್ಲಿ ಅತ್ತೆ ನನ್ನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಿದರು: "ಟೈಮಿಗೆ ಸರಿಯಾಗಿ ಎಲೆಕ್ಷನ್ ಮಾಡಿದ್ದಿದ್ರೆ, ಆ ಮನುಷ್ಯ ಇಷ್ಟೊತ್ತಿಗೆ ನಂಗೆ ಎರಡು ಸಲ ವೋಟು ಹಾಕಿರೋರು ಕಣೇ."