ಅಟಕು ಇಲ್ಲದ ಮಾರ್ಚು

...ಅಥವಾ ಅದು ಮಸ್ಕಿಯ ಮದುವೆಯೇ ಅಲ್ಲವೇನೋ. ಲಿಂಗಸುಗೂರಿನದೂ ಇರಬಹುದು. ನನ್ನ ನೆನಪಿನಲ್ಲಿ ಹುಡುಗಿಯ ಅಪ್ಪ ಬಸವರಾಜ ಬಿಳಿ ಅಂಗಿಯಲ್ಲಿದ್ದಾನೆ, ಫೋಟೋದಲ್ಲಿ ನೋಡಿದರೆ ನೀಲಿ. ಮೊನ್ನೆ ಮೊನ್ನೆಯ ಸಂಗತಿಯೇ ಹೀಗೆ ಬಣ್ಣ ಬದಲಿಸಿದರೆ ಅಜ್ಜಂದಿರ ಕಾಲದ ಮಾತನ್ನು ಯಾರು ನಂಬಬೇಕು? (ನಾನು ನಂಬುವುದಿಲ್ಲ. ಆದರೂ ಕೇಳುತ್ತೇನೆ. ಅಂಕಣ ತುಂಬಬೇಕಲ್ಲ.)

ಮಸ್ಕಿ ಎಂದೇ ಇಟ್ಟುಕೊಳ್ಳೋಣ. ಬಸವರಾಜ ನನ್ನ ಶಾಲೆಯ ಗೆಳೆಯ. ಗಂಡಿನ ಕಡೆಯವರು ಸಿಂಧನೂರಿನವರು. ಅವರನ್ನು ಎದುರುಗೊಳ್ಳಲು ನಾವೆಲ್ಲ ರಸ್ತೆಗೆ ಬಂದು ನಿಂತಿದ್ದೆವು. ನಮ್ಮ ಮುಂದೆ ಲಿಂಗಸುಗೂರಿನ ಹುಸೇನ್ ಸಾಬರ ಬ್ಯಾಂಡು. ಅತ್ತ ಬೀಗರೂ ತಮ್ಮದೇ ಬ್ಯಾಂಡು ತಂದಿದ್ದರು. ಅದರ ಯಜಮಾನ ವೀರೇಶ, ತಳ್ಳುಗಾಡಿಯ ಮೇಲೆ ಕೀಬೋರ್ಡು, ಅದರ ಹಿಂದೆ ಆಳೆತ್ತರದ ಸ್ಪೀಕರು.

ಎರಡೂ ಬ್ಯಾಂಡಿನವರು ಒಂದೇ ಮಾರ್ಚು ಶುರು ಮಾಡಿದರು.

ಹುಸೇನ್ ಸಾಬರು ಕ್ಲಾರ್ನೆಟ್ಟನ್ನು ಬಾಯಿಂದ ತೆಗೆದು ರಸ್ತೆಯ ನಟ್ಟನಡುವೆ ನಿಂತುಬಿಟ್ಟರು. ಇದು ನಮ್ಮ ದಾದಾ ಕಟ್ಟಿದ ಚಾಲು, ನಮ್ಮನ್ನು ಬಿಟ್ಟು ಬೇರೆಯವರು ಬಾರಿಸಿಕೊಂಡು ಮುಂದೆ ಹೋಗುವಂತಿಲ್ಲ ಎಂಬುದು ಅವರ ತಕರಾರು.

ದಾದಾ ಅಂದರೆ ಅವರ ಅಜ್ಜ. ಚಾಲು ಅಂದರೆ ನಮ್ಮ ಕಡೆ ಬೀಗರು ನಡೆದು ಬರುವಾಗ ಬಾರಿಸುವ ಈ ಮಾರ್ಚು. ಅದರ ನಡುವೆ ಒಂದು ಕಡೆ ರಾಗ ಮುಂದೆ ಹೋಗುವುದಿಲ್ಲ, ಅದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ 'ಅಟಕು' ಎನ್ನುತ್ತಾರೆ. ಅಟಕು ಬಂತೋ, ಬೀಗರು ನಿಂತಲ್ಲೇ ಕಾಲು ಹಾಕಬೇಕು, ಹೆಣ್ಣಿನ ಕಡೆಯವರು ನಗಬೇಕು. ಡಿಜೆ ಬಂದ ಮೇಲೆ ಹುಸೇನ್ ಸಾಬರಿಗೆ ಉಳಿದಿರುವುದು ಇದೊಂದೇ ಹೆಸರು. ದಾದಾನ ಚಾಲು ಬೇಕು ಅನ್ನುವವರು ಮಾತ್ರ ಅವರನ್ನು ಕರೆಯುತ್ತಾರೆ. ಅದೂ ಅವರದಲ್ಲ ಎಂದಾದರೆ?

"ಚಾಚಾ, ಇದು ನೆಟ್‌ನ್ಯಾಗ ಸಿಗ್ತೈತಿ. ಇಂಗ್ಲೀಷ್ ದಂಡಿಂದು," ಎಂದ ವೀರೇಶ. "ನಿಮ್ಮ ದಾದಾ ಏನು ಲಂಡನ್ನಿನ್ಯಾಗ ಇದ್ರೇನು?"

ಜನ ನಕ್ಕರು. ಹುಸೇನ್ ಸಾಬರು ನಗಲಿಲ್ಲ. ನನ್ನ ಕಡೆ ತಿರುಗಿದರು.

"ಸರ್, ನೀವು ಪೇಪರಿನ್ಯಾಗ ಬರೀತೀರಿ, ನೀವೇ ಹೇಳ್ರಿ. ನಮ್ಮ ದಾದಾಂದು ಅಲ್ಲ ಅಂದ್ರ ಇವತ್ತಿಗೇ ಇದನ್ನ ಕೆಳಗ ಇಡ್ತೀನಿ."

ಪೇಪರಿನಲ್ಲಿ ಬರೆಯುವವನಿಗೆ ಏನು ಗೊತ್ತಿರುತ್ತದೆ? ಫೋನು ತೆಗೆದೆ. ವೀರೇಶ ಹೇಳಿದ್ದು ನಿಜ. ಬರೆದವನು ಬ್ರಿಟಿಷ್ ಸೈನ್ಯದ ಬ್ಯಾಂಡ್‌ಮಾಸ್ಟರ್. ಎಳೆಯ ವಯಸ್ಸಿಗೇ ದಂಡು ಸೇರಿದ, ರೆಜಿಮೆಂಟು ಹೋದಲ್ಲೆಲ್ಲ ಹೋದ, ಸಿಪಾಯಿಗಳ ಕಾಲು ಒಟ್ಟಿಗೆ ಬೀಳಲಿ ಎಂದು ಮಾರ್ಚು ಬರೆದ. ಸ್ವಂತ ಹೆಸರಿನಲ್ಲಿ ಸಂಗೀತ ಮಾರುವುದು ಮೇಲಿನವರಿಗೆ ಹಿಡಿಸುತ್ತಿರಲಿಲ್ಲವಂತೆ, ಅದಕ್ಕೆ ಬೇರೊಂದು ಹೆಸರು ಇಟ್ಟುಕೊಂಡ. (ಹಾಗಾಗಿ ನಾನೂ ಇಲ್ಲಿ ಹೆಸರು ಹಾಕುತ್ತಿಲ್ಲ. ಯಾವುದನ್ನು ಹಾಕಲಿ?) ಅವನ ರಾಗದ ಮೇಲೆ ಸಿಪಾಯಿಗಳು ಯುದ್ಧಕ್ಕೆ ನಡೆದರು. ನಾವು ಹುಗ್ಗಿ ಉಣ್ಣಲು ನಡೆಯುತ್ತೇವೆ. ತನ್ನ ಮಾರ್ಚಿಗೆ ಇಷ್ಟು ಒಳ್ಳೆಯ ಗತಿ ಬಂದೀತು ಎಂದು ಅವನು ಎಣಿಸಿದ್ದನೇ? ಅಲ್ಲೊಬ್ಬ ತನ್ನ ಹೆಸರನ್ನೇ ಮುಚ್ಚಿಟ್ಟ. ಇಲ್ಲೊಬ್ಬರು ಅಜ್ಜನ ಹೆಸರಿಗಾಗಿ ರಸ್ತೆ ತಡೆದು ನಿಂತಿದ್ದಾರೆ.

ನೆಟ್ಟಿನಲ್ಲಿ ಹೀಗಿದೆ ಎಂದು ಮೆಲ್ಲಗೆ ಹೇಳಿದೆ.

"ಹಚ್ರಿ, ಕೇಳೂಣು," ಎಂದರು ಹುಸೇನ್ ಸಾಬರು.

ಹಚ್ಚಿದೆ. ಅವರು ಕಣ್ಣು ಮುಚ್ಚಿದರು. ಊದದಿದ್ದರೂ ಬೆರಳು ಮಾತ್ರ ಕ್ಲಾರ್ನೆಟ್ಟಿನ ಮೇಲೆ ಓಡುತ್ತಿತ್ತು. ಅಟಕು ಬರಬೇಕಾದ ಜಾಗ ಬಂತು. ಬೆರಳು ಅಲ್ಲೇ ನಿಂತು ಅದೇ ತುಣುಕನ್ನು ಒತ್ತಿತು. ಫೋನು ನಿಲ್ಲಲಿಲ್ಲ, ನೆಟ್ಟಗೆ ಮುಂದೆ ಹೋಯಿತು.

ಹುಸೇನ್ ಸಾಬರು ಕಣ್ಣು ಬಿಟ್ಟರು. ಮುಖ ಅರಳಿತ್ತು.

"ಇಲ್ಲಿ ಸಾಹೇಬ ತಪ್ಪ್ಯಾನ ನೋಡ್ರಿ. ಅಟಕು ಬಿಟ್ಟು ಓಡ್ಯಾನ."

"ಬರದವನೇ ತಪ್ತಾನೇನು ಚಾಚಾ?" ಎಂದ ವೀರೇಶ.

"ಯಾಕ ತಪ್ಪಬಾರ್ದು? ಆತಗ ಹೇಳವ್ರು ಯಾರಿದ್ರು ಅಲ್ಲಿ?"

ಬಸವರಾಜ ನಡುವೆ ಬಂದು ಕೈಮುಗಿದ. "ಯಾರದರ ಇರ್ಲಿರೆಪಾ, ಅಕ್ಕಿಕಾಳು ಹಾಕೂ ಹೊತ್ತಾತು. ಇಂಗ್ಲೀಷರನ್ನ ಆಮ್ಯಾಲೆ ಓಡಸೂಣು."

ಬೀಗರ ಮರ್ಯಾದೆ ಎಂದು ವೀರೇಶನ ಬ್ಯಾಂಡನ್ನೇ ಮುಂದೆ ಬಿಟ್ಟರು. ಹುಸೇನ್ ಸಾಬರು ರಸ್ತೆಯ ಬದಿಗೆ ಸರಿದರು. ಕ್ಲಾರ್ನೆಟ್ಟನ್ನು ಕೆಳಗಿಡಲಿಲ್ಲ, ಎತ್ತಲೂ ಇಲ್ಲ. ನೋಡಲು ಕಷ್ಟವಾಯಿತು.

ವೀರೇಶ ಚಾಲು ಕಲಿತದ್ದು ನೆಟ್ಟಿನಿಂದ. ಅಟಕಿನ ಜಾಗ ಬಂದರೂ ಅವನ ಕೀಬೋರ್ಡು ಸಾಹೇಬ ಬರೆದ ಹಾಗೆ ನೆಟ್ಟಗೆ ಹೋಯಿತು. ಬೀಗರು? ಕಾಲಿಗೆ ನೆಟ್ಟು ಗೊತ್ತೇ? ಅಷ್ಟೂ ಜನ ನಿಂತಲ್ಲೇ ಹೆಜ್ಜೆ ಹಾಕತೊಡಗಿದರು. ಹಿಂದಿದ್ದವರು ಮುಂದಿದ್ದವರ ಬೆನ್ನಿಗೆ ಬಿದ್ದರು. ಮದುಮಗನ ಪೇಟ ಓರೆಯಾಯಿತು. ತಳ್ಳುಗಾಡಿ ಒಂಟಿಯಾಗಿ ಸಾಕಷ್ಟು ದೂರ ಹೋಗಿತ್ತು.

ಮದುಮಗನ ಸೋದರತ್ತೆ ಸೊಂಟದ ಮೇಲೆ ಕೈ ಇಟ್ಟರು. "ಏ ವೀರೇಶಾ, ಎಲ್ಲಿಗಿ ಹೊಂಟಿಯೋ? ನಾವಿನ್ನಾ ಇಲ್ಲೇ ಅದೀವಿ." ಆಮೇಲೆ ಬದಿಗೆ ನೋಡಿ, "ಹುಸೇನಣ್ಣಾ, ನೀ ಬಾರ್ಸಪಾ," ಎಂದರು.

ಹುಸೇನ್ ಸಾಬರು ಮುಂದೆ ಬಂದರು. ವೀರೇಶ ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಬಂದು, ಸ್ಪೀಕರಿನ ದನಿ ತಗ್ಗಿಸಿ, ಬರೀ ತಾಳ ಕೊಟ್ಟ. ಅಟಕು ಬಂತು. ನಾವು ಹೆಣ್ಣಿನ ಕಡೆಯವರು ನಕ್ಕೆವು. ಮದುವೆ ಆಯಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಊಟದ ಪಂಕ್ತಿಯಲ್ಲಿ ಹುಸೇನ್ ಸಾಬರ ಪಕ್ಕ ಕೂತು, ದಾದಾ ಈ ಚಾಲು ಕಟ್ಟಿದ್ದು ಹೇಗೆ ಎಂದು ಕೇಳಿದೆ. ಮೊದಲು, ನಿಜಾಮರ ದಂಡಿನಲ್ಲಿದ್ದಾಗ ಎಂದರು. ಹುಗ್ಗಿಗೆ ತುಪ್ಪ ಬಿದ್ದ ಮೇಲೆ ಬೇರೊಂದು ಹೇಳಿದರು.

"ಸಾವುಕಾರ್ರ ಮನಿ ಕಿಟಕಿ ಹೊರಗ ನಿಂತು ರಿಕಾರ್ಡ್ ಕೇಳ್ತಿದ್ರಂತ್ರಿ. ಒಂದೇ ರಿಕಾರ್ಡ್, ದಿನಾ ಅದೇ. ಸವದು ಸವದು ಹಾಳಾಗಿತ್ತಂತ."

ನನ್ನ ತುತ್ತು ಕೈಯಲ್ಲೇ ಉಳಿಯಿತು. ಸವೆದ ರಿಕಾರ್ಡಿನಲ್ಲಿ ಮುಳ್ಳು ಒಂದೇ ಕಡೆ ಸಿಕ್ಕಿಕೊಂಡರೆ ಏನಾಗುತ್ತದೆ? ಅದೇ ತುಣುಕು, ಮತ್ತೆ, ಮತ್ತೆ. ಅವರಿಗೆ ಇದು ಎಂದೂ ಹೊಳೆದಿಲ್ಲವೇ, ಹೊಳೆದೂ ಸುಮ್ಮನಿದ್ದಾರೆಯೇ? ಕೇಳಬೇಕೆಂದು ಬಾಯಿ ತೆರೆದೆ. ಅವರು ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಸಲ ಹುಗ್ಗಿ ಹಾಕಿಸಿದರು.

ಗೀರು ಬಿದ್ದ ರಿಕಾರ್ಡನ್ನೇ ದಾದಾ ನಿಜವೆಂದುಕೊಂಡರೋ, ತಪ್ಪು ಎಂದು ಗೊತ್ತಿದ್ದೂ ಚೆನ್ನಾಗಿದೆ ಎಂದು ಇಟ್ಟುಕೊಂಡರೋ, ನನಗೆ ಗೊತ್ತಿಲ್ಲ.